ಎರಡು ಗ್ರಾಂ

ಚಮಚ ಬಾಯಿಯ ಹತ್ತಿರ ಬಂದು ನಿಂತಿತು. ಐದು ವರ್ಷದಲ್ಲಿ ಒಂದು ದಿನವೂ ಅದು ಹಾಗೆ ನಿಂತದ್ದಿಲ್ಲ. ಬೆಳಗಿನ ಏಳೂವರೆಗೆ ಅಡುಗೆಮನೆಯ ಕಿಟಕಿಯ ಬಳಿ ನಿಲ್ಲುವುದು, ಡಬ್ಬಿಯ ಮುಚ್ಚಳ ತಿರುಗಿಸುವುದು, ಹಿತ್ತಾಳೆಯ ಪುಟ್ಟ ಚಮಚವನ್ನು ಕಂದು ಪುಡಿಯೊಳಗೆ ಅದ್ದಿ ಬೆರಳಿನಿಂದ ಅಂಚು ಸವರಿ ಮಟ್ಟ ಮಾಡುವುದು, ನಾಲಗೆಯ ಮೇಲೆ ಸುರಿದುಕೊಂಡು ಉಗುರುಬೆಚ್ಚಗಿನ ನೀರು ಕುಡಿಯುವುದು, ಇಷ್ಟೂ ಕೈಗೆ ರೂಢಿಯಾದ ಕೆಲಸ. ಮನಸ್ಸು ಅದರೊಳಗೆ ತಲೆ ಹಾಕುತ್ತಲೇ ಇರಲಿಲ್ಲ. ಈ ದಿನ ಮಾತ್ರ ಮನಸ್ಸು ಕೈಗಿಂತ ಮುಂಚೆ ಎದ್ದುಬಿಟ್ಟಿತ್ತು. ಸಂಜೆ ನಾಲ್ಕಕ್ಕೆ ಡಾಕ್ಟರಮ್ಮನ ಹತ್ತಿರ ಹೋಗಬೇಕು. ಹದಿನೈದು ದಿನದ ಹಿಂದೆ, ಕಚೇರಿಯವರು ವರ್ಷಕ್ಕೊಮ್ಮೆ ಮಾಡಿಸುವ ರಕ್ತಪರೀಕ್ಷೆಯ ಕಾಗದವನ್ನು ಮುಂದಿಟ್ಟುಕೊಂಡು, ಲಿವರಿನ ಒಂದು ಅಂಕೆಯ ಕೆಳಗೆ ಗೆರೆ ಎಳೆದು, ಅವರು ಕೇಳಿದ್ದರು: ಬೇರೆ ಏನಾದರೂ ತಗೋತಿದ್ದೀರಾ, ಮನೆ ಮದ್ದು, ಪುಡಿ, ಕಷಾಯ? ಅವಳು ಒಂದು ಉಸಿರಿನಷ್ಟೂ ತಡಮಾಡದೆ, ಏನಿಲ್ಲ ಎಂದಿದ್ದಳು. ಆ ಮೂರಕ್ಷರ ಅಷ್ಟು ಸಲೀಸಾಗಿ ಬಂದದ್ದು ಹೇಗೆ ಎಂದು ಅಂದಿನಿಂದ ನೋಡುತ್ತಲೇ ಇದ್ದಾಳೆ. ಈಗ ಚಮಚವನ್ನು ಹಾಗೇ ಡಬ್ಬಿಗೆ ಸುರಿದುಬಿಟ್ಟರೆ, ಸಂಜೆ ಅವರು ಮತ್ತೆ ಕೇಳಿದಾಗ, ತಗೋತಿಲ್ಲ ಎನ್ನುವುದು ಕೂದಲೆಳೆಯಷ್ಟಾದರೂ ನಿಜವಾಗುತ್ತದೆ. ಹಾಗೆಂದುಕೊಂಡ ಕ್ಷಣವೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ತೂಕದ ಇಲಾಖೆಯವರು ಬೀದಿಗೆ ಬಂದರು ಎಂಬ ಸುದ್ದಿ ಕಿವಿಗೆ ಬಿದ್ದೊಡನೆ ತಕ್ಕಡಿಯ ತಟ್ಟೆ ಒರೆಸಿ, ಕಳ್ಳ ಕಲ್ಲನ್ನು ಗೋಣಿಯ ಕೆಳಗೆ ತಳ್ಳಿ, ಒಳ್ಳೆಯ ಕಲ್ಲನ್ನು ಮುಂದಿಡುವ ಅಂಗಡಿಯವರನ್ನು ಅವಳು ಇಪ್ಪತ್ತಾರು ವರ್ಷ ನೋಡಿದ್ದಾಳೆ. ಆ ಮುಖಗಳಲ್ಲಿರುವ ಸಾಚಾತನ ಅವಳಿಗೆ ಚೆನ್ನಾಗಿ ಗೊತ್ತು. ಪುಡಿಯನ್ನು ಬಾಯಿಗೆ ಹಾಕಿಕೊಂಡಳು. ಕಹಿ ಎಂದಿನಷ್ಟೇ ಇತ್ತು. ಹಿಂದಿನಿಂದ ಗಂಡ, ಬಸ್ ಡಿಪೋದಲ್ಲಿ ವೇಳೆ ಬರೆಯುವ ಕೆಲಸದವನು, ಬೂಟಿನ ದಾರ ಕಟ್ಟುತ್ತ, ಏನು ಇವತ್ತು ಎರಡು ನಿಮಿಷ ಲೇಟು ಎಂದ.

ಊರಿನ ಅಂಗಡಿಯವರ ಬಾಯಲ್ಲಿ ಅವಳು ತೂಕದಮ್ಮ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಪರೀಕ್ಷಕಿ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ ನೋಡಿ ಮುದ್ರೆ ಹೊಡೆಯುವುದು ಅವಳ ಕೆಲಸ. ಅದಕ್ಕಾಗಿ ಒಂದು ಮರದ ಪೆಟ್ಟಿಗೆ ಇದೆ. ಒಳಗೆ ನೀಲಿ ಮಖಮಲ್ಲಿನ ಗುಳಿಗಳಲ್ಲಿ ದೊಡ್ಡದರಿಂದ ಚಿಕ್ಕದರವರೆಗೆ ಕಲ್ಲುಗಳು. ಹಿತ್ತಾಳೆಯವಾದರೂ ಎಲ್ಲರ ಬಾಯಲ್ಲೂ ಅವು ಕಲ್ಲುಗಳೇ. ಬರಿಗೈಯಿಂದ ಮುಟ್ಟುವ ಹಾಗಿಲ್ಲ. ಬೆರಳಿನ ಎಣ್ಣೆ, ಬೆವರು, ಉಸಿರಿನ ತೇವ ಎಲ್ಲಕ್ಕೂ ತೂಕವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಪರೀಕ್ಷಕರು ಹೇಳಿಕೊಟ್ಟಿದ್ದರು, ಇದನ್ನು ದೇವರ ಸಾಮಾನು ಅಂತ ತಿಳ್ಕೊಳಮ್ಮ, ಶುದ್ಧವಾಗಿ ಮುಟ್ಟು. ಅವಳು ಹಾಗೆಯೇ ತಿಳಿದುಕೊಂಡಳು. ಪೆಟ್ಟಿಗೆ ತೆರೆಯುವ ಮುನ್ನ ಕಣ್ಣುಮುಚ್ಚಿ ಒಂದು ಕ್ಷಣ ನಿಲ್ಲುವ ಅಭ್ಯಾಸ ಅಲ್ಲಿಂದ ಬಂದದ್ದು; ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಲ್ಲುವ ಕೈ ನಡುಗದಿರಲಿ ಎಂದಷ್ಟೇ ಬೇಡಿಕೆ. ನಲವತ್ತೆಂಟಕ್ಕೆ ಮುಟ್ಟು ನಿಲ್ಲುವ ಹೊತ್ತಿಗೆ ಆ ಕೈಯೇ ಅವಳ ಮಾತು ಕೇಳದೆ ಹೋಯಿತು. ಎದೆಯ ನಡುವಿನಿಂದ ಯಾರೋ ಒಲೆ ಹಚ್ಚಿದಂತೆ ಕಾವು ಏರುವುದು, ಕುತ್ತಿಗೆ, ಕಿವಿ, ನೆತ್ತಿ, ಕಡೆಗೆ ಅಂಗೈ ಬೆವರುವುದು. ಈಗ ಯಾವ ಅಂಗಡಿಗೆ ಹೊರಟಿದ್ದಾಳೋ ಅದೇ ಅಕ್ಕಸಾಲಿಗನ ಅಂಗಡಿಯಲ್ಲಿ, ಐದು ವರ್ಷದ ಹಿಂದೆ, ಅದು ನಡೆದದ್ದು. ಚಿನ್ನದ ತಕ್ಕಡಿ ಅಂದರೆ ಗಾಳಿಗೂ ಅಲುಗುವಂಥದ್ದು. ತೂಗುವಾಗ ಫ್ಯಾನು ಆರಿಸಲೇಬೇಕು. ಆರಿಸಿದ್ದರು. ಅವಳು ಚಿಮುಟದಲ್ಲಿ ಒಂದು ಗ್ರಾಮಿನ ಕಲ್ಲು ಹಿಡಿದು ಬಗ್ಗಿದ್ದಳು. ಮೂಗಿನ ತುದಿಯಿಂದ ಒಂದು ಹನಿ ಬಿತ್ತು. ತಕ್ಕಡಿಯ ಗಾಜಿನ ಪೆಟ್ಟಿಗೆಯೊಳಗೆ ಅಂಕೆ ನಲವತ್ತು ಮಿಲಿಗ್ರಾಂ ಮೇಲೇರಿ, ತಾನೂ ಸ್ವಲ್ಪ ಯೋಚಿಸಿ, ಅಲ್ಲೇ ನಿಂತಿತು. ಅಕ್ಕಸಾಲಿಗ ಮೆತ್ತನೆಯ ಬಟ್ಟೆಯಿಂದ ತಟ್ಟೆ ಒರೆಸುತ್ತ, ನಿಮ್ಮ ಬೆವರಿಗೂ ಒಳ್ಳೆ ತೂಕ ಇದೆ ಬಿಡಿ ಮೇಡಂ ಎಂದಿದ್ದ. ಅವನೇನೂ ಕೆಟ್ಟವನಲ್ಲ, ಹೇಳಿದ್ದು ಹಗುರ ಮಾಡಲೆಂದೇ. ಆದರೆ ಬಳೆ ಕೊಳ್ಳಲು ಕೂತಿದ್ದ ನಾಲ್ಕು ಜನ ನಕ್ಕರು. ಆ ಸಂಜೆಯೇ ಅವಳು, ಬೇರು ತೊಗಟೆಯ ಮದ್ದು ಮಾಡುವ ಚಿಕ್ಕಮ್ಮನ ಮನೆಗೆ ಹೋದದ್ದು.

ಅಂಗಡಿ ಬದಲಾಗಿರಲಿಲ್ಲ. ಅದೇ ಹಸಿರು ಗೋಡೆ, ಅದೇ ಗಾಜಿನ ಕಟ್ಟೆ, ಮೂಲೆಯಲ್ಲಿ ಕೂತು ಆಭರಣಗಳಿಗೆ ಸಣ್ಣ ಚೀಟಿ ಕಟ್ಟುವ ಅಕ್ಕಸಾಲಿಗನ ಹೆಂಡತಿ. ಫ್ಯಾನು ಆರಿತು. ಅವಳು ಕಣ್ಣುಮುಚ್ಚಿ ತೆರೆದು, ಒಣ ಅಂಗೈಯಲ್ಲಿ ಚಿಮುಟ ಹಿಡಿದು, ಒಂದೊಂದೇ ಕಲ್ಲನ್ನು ಇಟ್ಟಳು. ತಕ್ಕಡಿ ದಾರಿ ತಪ್ಪಿತ್ತು. ಹೆಚ್ಚಲ್ಲ; ದಿನಕ್ಕೊಂದು ಎಳೆಯಂತೆ ವರ್ಷವಿಡೀ ಸರಿದಿರಬೇಕು. ಅಕ್ಕಸಾಲಿಗ ನಂಬಲಿಲ್ಲ. ದಿನಾ ನೋಡ್ತೀನಿ ಮೇಡಂ, ನನಗೆ ಗೊತ್ತಾಗಲ್ವಾ ಎಂದ. ದಿನಾ ನೋಡುವವರಿಗೇ ಗೊತ್ತಾಗುವುದಿಲ್ಲ ಎಂದು ಅವಳು ಹೇಳಿದಳು. ದೀಪದ ಬುಡದಲ್ಲೇ ಅಲ್ಲವೇ ಕತ್ತಲೆ. ರಿಪೇರಿ ಮಾಡಿಸಿಡಿ, ಮೂರು ವಾರಕ್ಕೆ ಬರುತ್ತೇನೆ, ಅಲ್ಲಿಯವರೆಗೆ ಮುದ್ರೆ ಇಲ್ಲ. ಅವನು ಮೆಕ್ಯಾನಿಕ್ಕಿಗೆ ಫೋನು ಮಾಡಲು ಹೊರಗೆ ಹೋದಾಗ ಹೆಂಡತಿ ದಾರದ ಉಂಡೆ ಬದಿಗಿಟ್ಟು ಹತ್ತಿರ ಬಂದಳು. ಅವಳ ಕುತ್ತಿಗೆಯ ಸುತ್ತ ಒದ್ದೆಯಾದ ಕರವಸ್ತ್ರ.

"ಅಕ್ಕಾ, ತಪ್ಪು ತಿಳೀಬೇಡಿ. ಅವತ್ತು ನಿಮಗೆ ಆಗಿದ್ದು ಈಗ ನನಗೆ ಶುರುವಾಗಿದೆ. ನಿಮಗೆ ನಿಂತೇ ಹೋಯ್ತಲ್ಲ, ಏನು ತಗೊಂಡ್ರಿ?"

ಐದು ವರ್ಷ ಈ ಹೆಂಗಸು ಆ ಹನಿಯನ್ನು ನೆನಪಿಟ್ಟುಕೊಂಡಿದ್ದಳು, ನಗುವುದಕ್ಕಲ್ಲ. ತೂಕದಮ್ಮನಿಗೆ ಎದೆಯೊಳಗೆ ಏನೋ ಬಿಚ್ಚಿಕೊಂಡಂತಾಯಿತು. ಹೊಗಳಿಕೆಯ ಬಿಸಿಯೂ ಇತ್ತು, ಸುಳ್ಳಿಲ್ಲ. ಚಿಕ್ಕಮ್ಮ ಮಾಡುವ ಪುಡಿ, ದಿನಕ್ಕೆ ಎರಡು ಗ್ರಾಂ, ಸರಿಯಾಗಿ ಎರಡೇ, ಮುಂದಿನ ಸಲ ಬರುವಾಗ ಒಂದು ಡಬ್ಬಿ ತರುತ್ತೇನೆ ಎಂದುಬಿಟ್ಟಳು. ಎಷ್ಟು ದಿನ ತಗೋಬೇಕು ಎಂದು ಆ ಹೆಂಗಸು ಕೇಳಿದಳು. ನಾನಿನ್ನೂ ತಗೋತಾನೇ ಇದೀನಿ, ಏನೂ ಆಗಿಲ್ಲ ಎಂದು ತನ್ನ ಬಾಯಿ ಹೇಳುವುದನ್ನು ಅವಳು ಕೇಳಿಸಿಕೊಂಡಳು. ಮಾತಾಡುತ್ತಲೇ ಆ ಹೆಂಗಸು ಸೆರಗಿನ ಗಂಟಿನಿಂದ ಮಾತ್ರೆಯ ಪಟ್ಟಿಯೊಂದನ್ನು ತೆಗೆದು ಒಂದನ್ನು ನುಂಗಿದಳು. ಹೃದಯದ ಆಪರೇಷನ್ ಆಗಿದೆಯಲ್ಲ, ರಕ್ತ ಗಟ್ಟಿಯಾಗದ ಹಾಗೆ ಇದು, ಜೀವ ಇರೋತನಕ ಎಂದು ನಕ್ಕಳು.

ಬೀದಿಗೆ ಬಂದ ಮೇಲೆ ಪೆಟ್ಟಿಗೆ ಎಂದಿಗಿಂತ ಭಾರವೆನಿಸಿತು. ಏನೂ ಆಗಿಲ್ಲ. ಗೆರೆ ಎಳೆದ ಅಂಕೆ ಕೈಚೀಲದೊಳಗೆ ನಾಲ್ಕು ಮಡಿಕೆಯಾಗಿ ಕೂತಿತ್ತು. ಪುಡಿಯಿಂದ ಏನಾದರೂ ಆಗುತ್ತದೆಯೇ ಎಂದು ಈ ಹದಿನೈದು ದಿನ ಅವಳು ಕೇಳದವರಿಲ್ಲ, ಆದರೆ ಹೊರಗಿನವರನ್ನೆಲ್ಲ ಕೇಳಿದ್ದು ಅಕ್ಕನಿಗೆ ಎಂದು. ಅವಳಿಗೆ ಅಕ್ಕನೇ ಇಲ್ಲ. ಪಕ್ಕದ ಮೇಜಿನ ಗುಮಾಸ್ತೆ, ಬೇರು ತೊಗಟೆ ತಾನೇ, ಹಸು ತಿನ್ನಲ್ವಾ ಎಂದಿದ್ದಳು. ಔಷಧಿ ಅಂಗಡಿಯವನು, ಇದಕ್ಕೆಲ್ಲ ಸೈಡ್ ಎಫೆಕ್ಟ್ ಇರಲ್ಲ ಮೇಡಂ, ಎಫೆಕ್ಟೂ ಇರಲ್ಲ ಎಂದು ತನ್ನ ಜೋಕಿಗೆ ತಾನೇ ನಕ್ಕಿದ್ದ. ಗಂಡನಂತೂ, ಅತಿಯಾದರೆ ಅಮೃತವೂ ವಿಷ ಎಂದ. ಅತಿ ಯಾವಾಗ ಶುರುವಾಗುತ್ತೆ ಎಂದು ಕೇಳಿದ್ದಕ್ಕೆ ಪೇಪರಿನೊಳಗೆ ಮುಖ ಇಟ್ಟ. ಫೋನಿನಲ್ಲಿ ನೋಡಿದರೆ ಒಂದು ಪುಟ ಸಾವಿರ ವರ್ಷದಿಂದ ಬಂದದ್ದು, ಭಯ ಬೇಡ ಎನ್ನುತ್ತದೆ, ಇನ್ನೊಂದು ಇವತ್ತೇ ಬಿಸಾಡಿ ಎನ್ನುತ್ತದೆ, ಮೂರನೆಯದು ಎರಡನ್ನೂ ಹೇಳಿ ಕೊನೆಯಲ್ಲಿ ತನ್ನದೇ ಒಂದು ಬಾಟಲಿ ತೋರಿಸುತ್ತದೆ. ಯಾರ ಮಾತಿಗೂ ಮುದ್ರೆ ಇರಲಿಲ್ಲ. ತನ್ನ ಮಟ್ಟಿಗೆ ಆದರೆ ಹೋಗಲಿ, ದೇವರು ಕೊಟ್ಟ ದೇಹ, ಅವನೇ ನೋಡಿಕೊಳ್ಳಲಿ ಎನ್ನಬಹುದಿತ್ತು. ಈಗ ಇನ್ನೊಬ್ಬಳ ಸೆರಗಿನ ಗಂಟು ಕಣ್ಣಮುಂದೆ ಇತ್ತು. ಅವಳ ಕಾಲು ಕಚೇರಿಯ ಕಡೆಗೆ ತಿರುಗದೆ ಚಿಕ್ಕಮ್ಮನ ಮನೆಯ ಕಡೆಗೆ ತಿರುಗಿತು.

ಐದು ವರ್ಷದ ಹಿಂದಿನ ಆ ಸಂಜೆ ಚಿಕ್ಕಮ್ಮ ಪುಡಿ ಕೊಟ್ಟಾಗ, ಎಷ್ಟು ತಗೋಬೇಕು ಎಂದು ಅವಳು ಕೇಳಿದ್ದಳು. ಮೂರು ಚಿಟಿಕೆ ಎಂದಿದ್ದಳು ಚಿಕ್ಕಮ್ಮ. ಯಾರ ಚಿಟಿಕೆ? ಚಿಕ್ಕಮ್ಮನ ಬೆರಳು ಬೆಂಡೆಕಾಯಿಯಷ್ಟು ಸಣ್ಣ, ಅವಳದು ಮೋಟು. ತೂಕದಮ್ಮನಿಗೆ ಚಿಟಿಕೆ ಎಂಬುದು ಅಳತೆಯೇ ಅಲ್ಲ. ಊರಿನಿಂದ ಅದನ್ನೆಲ್ಲ ಓಡಿಸುವುದಕ್ಕೇ ಅವಳಿಗೆ ಸಂಬಳ. ಆ ಶನಿವಾರ ಇಲಾಖೆಯ ಸಣ್ಣ ತಕ್ಕಡಿಯನ್ನು ಯಾರಿಗೂ ಹೇಳದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಚಿಕ್ಕಮ್ಮನ ಕೈಯಿಂದ ಮೂರು ಮೂರು ಚಿಟಿಕೆ ಹತ್ತು ಸಲ ಹಾಕಿಸಿ, ಬರೆದುಕೊಂಡು, ಸರಾಸರಿ ತೆಗೆದಳು. ಎರಡು ಗ್ರಾಂ. ಚಿಕ್ಕಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಿದ್ದಳು. ತಕ್ಕಡಿ ರಿಪೇರಿಯ ಮುದುಕನಿಂದ ಅಷ್ಟೇ ಹಿಡಿಯುವ ಹಿತ್ತಾಳೆಯ ಚಮಚ ಮಾಡಿಸಿದ ದಿನ ಅವಳಿಗೆ, ಒಂದು ಕಾಡುಪ್ರಾಣಿಯನ್ನು ಕಟ್ಟಿಹಾಕಿದಂಥ ಸಮಾಧಾನ.

ಎಪ್ಪತ್ತೆಂಟರ ಚಿಕ್ಕಮ್ಮ, ಮಗಳು ಅಳಿಯ ಕೆಲಸಕ್ಕೆ ಹೋದ ಮನೆಯಲ್ಲಿ, ಬಿಸಿಲು ಬೀಳುವ ಕಿಟಕಿಯ ಕೆಳಗೆ ಕೂತು ಬೇರು ಬಿಡಿಸುತ್ತಿದ್ದಳು. ಒಂದೊಂದು ಬೇರಿಗೂ ಒಂದು ಸಲ ದೇವರ ಹೆಸರು. ಅದು ಎಣಿಕೆಯೂ ಹೌದು, ಪೂಜೆಯೂ ಹೌದು. ಬಾ, ಮಧ್ಯಾಹ್ನ ಬಂದಿದೀಯಾ, ಯಾರ ಅಂಗಡಿ ಮುಚ್ಚಿಸಿ ಬಂದೆ ಎಂದಳು. ಅವಳು ರಕ್ತಪರೀಕ್ಷೆಯ ವಿಷಯ ಹೇಳಿದಳು, ಡಾಕ್ಟರಮ್ಮನಿಗೆ ಹೇಳಿದ ಸುಳ್ಳನ್ನೂ ಹೇಳಿದಳು, ಅಕ್ಕಸಾಲಿಗನ ಹೆಂಡತಿಗೆ ಕೊಟ್ಟ ಮಾತನ್ನೂ ಹೇಳಿದಳು. ಚಿಕ್ಕಮ್ಮನ ಕೈ ಬೇರಿನ ಮೇಲೆ ನಿಂತಿತು.

"ನೀನು ಇನ್ನೂ ತಗೋತಿದೀಯಾ?"

"ತಿಂಗಳು ತಿಂಗಳು ನೀನೇ ಡಬ್ಬಿ ತುಂಬ್ತೀಯಲ್ಲ, ಚಿಕ್ಕಮ್ಮ."

"ತುಂಬ್ತೀನಿ. ಬೇಡ ಅಂದೋರಿಗೆ ತುಂಬ್ತೀನಾ? ಯಾವತ್ತೋ ಒಂದು ದಿನ, ಕಾವು ಏರಿದಾಗ ಒಂದು ಚಿಟಿಕೆ ತಗೋತಾಳೆ, ಉಳಿದಿದ್ದು ಗೆಳತಿಯರಿಗೆ ಹಂಚ್ತಾಳೆ ಅಂದ್ಕೊಂಡಿದ್ದೆ. ದಿನಾನಾ? ಮೂರು ಚಿಟಿಕೆನೂ?"

"ಎರಡು ಗ್ರಾಂ."

"ಸುಡು ನಿನ್ನ ಗ್ರಾಮಿಗೆ," ಎಂದಳು ಚಿಕ್ಕಮ್ಮ, ಆದರೆ ದನಿ ಏರಲಿಲ್ಲ. "ಚಿಟಿಕೆ ಯಾಕೆ ಅಂದಿದ್ದು? ಮೊದಲ ತಿಂಗಳು ಮೂರು, ಆಮೇಲೆ ಎರಡು, ಆಮೇಲೆ ಒಂದು, ಆಮೇಲೆ ಬೆರಳು ತಾನೇ ಮರೆಯುತ್ತೆ. ಮೂರು ತಿಂಗಳ ಮೇಲೆ ನಮ್ಮಮ್ಮ ಯಾರಿಗೂ ಕೊಟ್ಟವಳಲ್ಲ. ನೀನು ಎಷ್ಟು ಅಂತ ಕೇಳಿದೆ. ಎಲ್ಲಿವರೆಗೆ ಅಂತ ಕೇಳಲೇ ಇಲ್ಲ."

"ನೀನು ಹೇಳಬಹುದಿತ್ತಲ್ಲ."

"ಹೇಳಿದೆ ಕಣೇ. ನೀನು ಆಗ ತೂಕ ಬರ್ಕೋತಿದ್ದೆ."

ಅವಳಿಗೆ ನೆನಪಾಯಿತು. ಚಿಕ್ಕಮ್ಮನ ತುಟಿ ಆಡಿದ್ದು, ತಾನು ಎಡಗೈ ಎತ್ತಿ, ಒಂದು ನಿಮಿಷ ಸುಮ್ಮನಿರು, ಅಂಕೆ ನಿಲ್ಲಲಿ ಎಂದದ್ದು. ಅಥವಾ ಈಗ ಕೇಳಿದ್ದರಿಂದ ನೆನಪಾದಂತೆ ಆಯಿತೋ. ಐದು ವರ್ಷ ತಿಂದವರಿಗೆ ಏನಾಗುತ್ತದೆ ಎಂದು ಅವಳು ಕಡೆಗೆ ಕೇಳಿದಳು, ಯಾವ ಅಕ್ಕನ ಹೆಸರನ್ನೂ ಎಳೆದು ತರದೆ. ಚಿಕ್ಕಮ್ಮ ಕೈಯಲ್ಲಿದ್ದ ಬೇರನ್ನು ಕೆಳಗಿಟ್ಟಳು. ಹೆರಿಗೆಯಿಂದ ಹಿಡಿದು ಹಲ್ಲುನೋವಿನವರೆಗೆ ಚಿಕ್ಕಮ್ಮನ ಹತ್ತಿರ ಉತ್ತರ ಇಲ್ಲದೆ ಹೋದದ್ದನ್ನು ಅವಳು ನೋಡಿರಲಿಲ್ಲ.

"ನನಗೆ ಗೊತ್ತಿಲ್ಲ. ಅಷ್ಟು ದಿನ ತಿಂದವಳನ್ನ ನಾನು ನೋಡಿಲ್ಲ. ನೀನೇ ಮೊದಲು." ಆಮೇಲೆ, ತನಗೆ ತಾನೇ ಹೇಳಿಕೊಳ್ಳುವಂತೆ, ನೀನು ಓದಿದವಳು, ಡಾಕ್ಟರ್ ಹತ್ತಿರ ಕೇಳಿಕೊಂಡೇ ತಗೋತಿರ್ತೀಯ ಅಂತ ನಾನಿದ್ದೆ, ನನಗೆ ಗೊತ್ತು ಅಂತ ನೀನಿದ್ದೆ ಎಂದಳು. ಎದ್ದು, ಹಳೆಯ ಪತ್ರಿಕೆ ಹರಿದು, ಒಂದೊಂದು ಬೇರಿನ ತುಂಡು, ತೊಗಟೆಯ ಚಕ್ಕೆ, ಒಣ ಹೂವಿನ ನಾಲ್ಕು ಎಸಳು, ಬೇರೆ ಬೇರೆ ಪೊಟ್ಟಣ ಕಟ್ಟಿದಳು. ಪೊಟ್ಟಣಗಳ ಮೇಲೆ ಹೆಸರು ಬರೆಯಲು ಅವಳನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ ಬರೆಸಿದಳು. ಡಾಕ್ಟರಮ್ಮ ಬೈದರೆ ನನ್ನನ್ನೇ ಬೈಯಲಿ, ಕಣ್ಣುಮುಚ್ಚಿ ಕೊಟ್ಟವಳು ನಾನು ಎಂದಳು. ಬಾಗಿಲಲ್ಲಿ ನಿಂತು, ಇದರಲ್ಲಿ ವಿಷ ಇಲ್ಲ ಕಣೇ ಎಂದವಳು ತಡೆದು, ಇಲ್ಲ ಅಂದ್ಕೊಂಡಿದೀನಿ ಎಂದು ತಿದ್ದಿಕೊಂಡಳು.

ಡಾಕ್ಟರಮ್ಮನಿಗೆ ಅವಳ ಮಗಳಾಗುವಷ್ಟು ವಯಸ್ಸು. ಹೊರಗಿನ ಬೆಂಚಿನಲ್ಲಿ ಕೂತಷ್ಟು ಹೊತ್ತೂ ಅವಳು ಮಾತು ಕೂಡಿಸುತ್ತಿದ್ದಳು, ಹಾವೂ ಸಾಯದ, ಕೋಲೂ ಮುರಿಯದ ಮಾತು: ಆಗೊಮ್ಮೆ ಈಗೊಮ್ಮೆ, ಸ್ವಲ್ಪ, ಮನೆಯವರ ಬಲವಂತಕ್ಕೆ. ಒಳಗೆ ಹೋದಾಗ ಅವೆಲ್ಲ ಎಲ್ಲಿ ಹೋದವೋ. ಮೇಜಿನ ಮೇಲೆ, ಮನೆಗೆ ಹೋಗಿ ತಂದ ಡಬ್ಬಿ, ಚಮಚ, ಚಿಕ್ಕಮ್ಮನ ಪೊಟ್ಟಣಗಳನ್ನು ಸಾಲಾಗಿ ಇಟ್ಟಳು, ಕಲ್ಲುಗಳನ್ನು ಇಡುವ ಹಾಗೆ, ದೊಡ್ಡದರಿಂದ ಚಿಕ್ಕದರ ಕಡೆಗೆ.

"ಹೋದ ಸಲ ಸುಳ್ಳು ಹೇಳಿದ್ದೆ. ಐದು ವರ್ಷದಿಂದ ದಿನಾ ತಗೋತಿದೀನಿ. ಎರಡು ಗ್ರಾಂ. ಇವತ್ತು ಬೆಳಗ್ಗೆನೂ."

ಬೈಗುಳ ಬರಲಿಲ್ಲ. ಅದಕ್ಕೆ ಸಿದ್ಧವಾಗಿ ಬಿಗಿಹಿಡಿದಿದ್ದ ಬೆನ್ನು ಈಗ ಏನು ಮಾಡಬೇಕೆಂದು ತಿಳಿಯದೆ ಹಾಗೇ ಇತ್ತು. ಡಾಕ್ಟರಮ್ಮ ಪೊಟ್ಟಣ ಬಿಡಿಸಿ ಮೂಸಿ ನೋಡಿದರು, ಹೆಸರು ಬರೆದುಕೊಂಡರು, ಇಷ್ಟು ನೀಟಾಗಿ ಯಾರೂ ತಂದಿಲ್ಲ ಎಂದರು. ಆಮೇಲೆ ಸುಮಾರು ಹೊತ್ತು ಮಾತಾಡಿದರು. ಇಂಥ ಬೇರುಗಳ ಮೇಲೆ ಪರೀಕ್ಷೆ ನಡೆದಿರುವುದು ಹೆಚ್ಚೆಂದರೆ ಆರು ತಿಂಗಳು, ವರ್ಷ. ಅದರಾಚೆಗೆ ಯಾರೂ ಸರಿಯಾಗಿ ನೋಡಿಲ್ಲ. ಕೆಲವರಿಗೆ, ಅಪರೂಪವಾಗಿ, ಲಿವರಿಗೆ ಪೆಟ್ಟಾದದ್ದು ಉಂಟು. ಅವಳ ಅಂಕೆ ಏರಿದ್ದು ಇದರಿಂದಲೇ ಎಂದು ಹೇಳಲು ಬರುವುದಿಲ್ಲ, ಇದರಿಂದಲ್ಲ ಎಂದೂ ಬರುವುದಿಲ್ಲ. ತಿಳಿಯುವ ದಾರಿ ಒಂದೇ: ಈಗಲೇ ನಿಲ್ಲಿಸುವುದು, ಆರು ವಾರಕ್ಕೆ ಮತ್ತೆ ರಕ್ತ ನೋಡುವುದು, ಅಷ್ಟರಲ್ಲಿ ಹೊಟ್ಟೆಯ ಸ್ಕ್ಯಾನು. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಿಟ್ಟರೆ ಆ ದಿನವೇ ಬರಬೇಕು. ಕಾವು, ಬೆವರು ಮರಳಿ ಬರಬಹುದು. ಬಂದರೆ ಅದಕ್ಕೆ ಬೇರೆ ದಾರಿಗಳಿವೆ, ಕೂತು ಒಂದೊಂದಾಗಿ ನೋಡೋಣ. ಬೇರೆಯವರಿಗೂ ಇದನ್ನು ಕೊಟ್ಟಿದ್ದೀರಾ ಎಂದು ಕೇಳಿದಾಗ, ಅಕ್ಕಸಾಲಿಗನ ಹೆಂಡತಿಗೆ ಕೊಟ್ಟ ಮಾತನ್ನೂ ಆ ಹೆಂಗಸಿನ ಮಾತ್ರೆಯ ಪಟ್ಟಿಯನ್ನೂ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರಿಗೆ ಕೊಡಲೇಬೇಡಿ, ರಕ್ತದ ಆ ಮಾತ್ರೆಯ ಜೊತೆ ಕೆಲವು ಬೇರುಗಳು ಜಗಳ ಆಡುತ್ತವೆ, ಇದು ಆಡುತ್ತೋ ಇಲ್ಲವೋ ಅನ್ನೋದನ್ನ ಅವರ ಮೈಮೇಲೆ ನೋಡೋದು ಬೇಡ.

ಅವಳಿಗೆ ತನ್ನ ಪೆಟ್ಟಿಗೆಯ ಕಲ್ಲುಗಳ ನೆನಪಾಯಿತು. ಅವೂ ಎರಡು ವರ್ಷಕ್ಕೊಮ್ಮೆ ಮೇಲಿನ ಪ್ರಯೋಗಾಲಯಕ್ಕೆ ಹೋಗುತ್ತವೆ. ತೂಗುವ ಕಲ್ಲನ್ನೂ ಯಾರೋ ತೂಗಬೇಕು. ಮರಳಿ ಬರುವಾಗ ಜೊತೆಗೆ ಒಂದು ಕಾಗದ ಬರುತ್ತದೆ. ಈ ಕಲ್ಲು ಇಷ್ಟು ಹೆಚ್ಚಿದೆ ಎಂದು ಒಂದು ಸಾಲು. ಅದರ ಕೆಳಗೆ, ನಮ್ಮ ಈ ಮಾತೇ ಇಷ್ಟರ ಮಟ್ಟಿಗೆ ಆಚೀಚೆ ಇರಬಹುದು ಎಂದು ಇನ್ನೊಂದು ಸಾಲು. ಆ ಎರಡನೆಯ ಸಾಲಿಲ್ಲದ ಕಾಗದವನ್ನು ಇಲಾಖೆಯಲ್ಲಿ ಯಾರೂ ನಂಬುವುದಿಲ್ಲ. ಹದಿನೈದು ದಿನ ಅವಳು ಕೇಳಿದವರೆಲ್ಲ ಮೊದಲ ಸಾಲನ್ನಷ್ಟೇ ಹೇಳಿದ್ದರು. ಈ ದಿನ ಇಬ್ಬರು, ಬೇರು ಬಿಡಿಸುವ ಮುದುಕಿಯೊಬ್ಬಳು, ಕುತ್ತಿಗೆಗೆ ಸ್ಟೆತಾಸ್ಕೋಪು ಹಾಕಿಕೊಂಡ ಹುಡುಗಿಯೊಬ್ಬಳು, ಒಬ್ಬರನ್ನೊಬ್ಬರು ಕಂಡವರಲ್ಲ, ಎರಡನೆಯ ಸಾಲನ್ನೂ ಹೇಳಿದರು. ಇದನ್ನ ಬರೆದುಕೊಡ್ತೀರಾ, ಗೊತ್ತಿರೋದು ಒಂದು ಕಡೆ, ಗೊತ್ತಿಲ್ಲದ್ದು ಒಂದು ಕಡೆ ಎಂದು ಕೇಳಿದಳು. ಡಾಕ್ಟರಮ್ಮ ನಕ್ಕು, ಹಾಳೆಯ ನಡುವೆ ಗೆರೆ ಎಳೆದರು.

ಮೂರು ವಾರಕ್ಕೆ ಅವಳು ಅಕ್ಕಸಾಲಿಗನ ಅಂಗಡಿಗೆ ಹೋದಾಗ ಪುಡಿ ನಿಲ್ಲಿಸಿ ಇಪ್ಪತ್ತೊಂದು ದಿನ. ಬೆಳಗಿನ ಏಳೂವರೆಗೆ ಕೈ ಇನ್ನೂ ಕಿಟಕಿಯ ಕಡೆ ಹೋಗುತ್ತಿತ್ತು. ಚಮಚ ಚಿಕ್ಕಮ್ಮನ ಮನೆ ಸೇರಿತ್ತು, ಅವಳು ಅದರಲ್ಲಿ ಸಕ್ಕರೆ ಹಾಕಿಕೊಳ್ಳುತ್ತಾಳಂತೆ. ಒಂಬತ್ತನೆಯ ದಿನವೇ ಕಾವು ಮರಳಿ ಬಂದಿತ್ತು, ಊರು ಬಿಟ್ಟು ಹೋದ ನೆಂಟ ಹೇಳದೆ ಕೇಳದೆ ಬಂದು ತನ್ನ ಜಾಗದಲ್ಲಿ ಕೂತ ಹಾಗೆ. ಆರು ವಾರದ ರಕ್ತ ಏನು ಹೇಳುತ್ತದೋ ಇನ್ನೂ ತಿಳಿಯದು. ಹೆಂಡತಿ ಕಣ್ಣಿನಲ್ಲೇ ತಂದ್ರಾ ಎಂದು ಕೇಳಿದಳು. ತೂಕದಮ್ಮ ಅಕ್ಕಸಾಲಿಗನ ಎದುರಿಗೇ ಹೇಳಿದಳು.

"ಪುಡಿ ತಂದಿಲ್ಲ, ತಂಗಿ. ಅವತ್ತು ನಾನು ಹೇಳಿದ್ದು ಪೂರ್ತಿ ನಿಜ ಅಲ್ಲ. ಈ ಕಾಗದ ತಂದಿದೀನಿ, ಓದು. ನಿನ್ನ ಡಾಕ್ಟರಿಗೆ ತೋರಿಸು, ಆ ಮಾತ್ರೆ ವಿಷಯನೂ ಹೇಳು."

ಹೆಂಡತಿ ಹಾಳೆ ಬಿಡಿಸಿ, ಬೆರಳಿಟ್ಟು ಓದಿದಳು. ಗೆರೆಯ ಆಚೆಗೆ ಬಂದಾಗ ಬೆರಳು ನಿಧಾನವಾಯಿತು. ಈ ಕಡೆನೇ ಜಾಸ್ತಿ ಇದೆಯಲ್ಲಕ್ಕಾ ಎಂದಳು. ಹೌದು ಎಂದಳು ಅವಳು.

ಫ್ಯಾನು ಆರಿಸಿದರು. ಪೆಟ್ಟಿಗೆ ತೆರೆದು, ಕಣ್ಣುಮುಚ್ಚಿ, ಚಿಮುಟದಲ್ಲಿ ಒಂದು ಗ್ರಾಮಿನ ಕಲ್ಲನ್ನು ಎತ್ತಿದಳು. ಎದೆಯ ನಡುವೆ ಒಲೆ ಹತ್ತಿತು. ಕಾವು ಕುತ್ತಿಗೆಗೆ ಬಂತು, ಕಿವಿಗೆ, ನೆತ್ತಿಗೆ. ಬಳೆ ನೋಡುತ್ತ ಕೂತಿದ್ದ ಇಬ್ಬರು ತಲೆ ಎತ್ತಿದರು. ಕಲ್ಲನ್ನು ಅದರ ಗುಳಿಯಲ್ಲೇ ಮರಳಿ ಇಟ್ಟು, ಮುಚ್ಚಳ ಮುಚ್ಚಿ, ಸ್ವಲ್ಪ ತಾಳಿ, ನನಗೆ ಬೆವರು ಬರ್ತಿದೆ, ಇಳಿದ ಮೇಲೆ ನೋಡೋಣ ಎಂದಳು. ಅಕ್ಕಸಾಲಿಗ ಏನೋ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಮುಚ್ಚಿದ. ಹೆಂಡತಿ ಎದ್ದು ಹೋಗಿ ಫ್ಯಾನು ಹಾಕಿದಳು. ಹಾಕಿ, ಕುತ್ತಿಗೆಯ ಕರವಸ್ತ್ರ ಬಿಚ್ಚಿ, ತಾನೂ ಬಂದು ಅದೇ ಗಾಳಿಗೆ ನಿಂತಳು. ಗಾಜಿನ ಕಟ್ಟೆಯ ಮೇಲೆ ತಕ್ಕಡಿಯ ಅಂಕೆಗಳು ಗಾಳಿಗೆ ಏರಿದವು, ಇಳಿದವು, ಮತ್ತೆ ಏರಿದವು. ಯಾರೂ ಅತ್ತ ನೋಡಲಿಲ್ಲ.